ಕಾಲು ಸೆಕೆಂಡಿನ ತಪ್ಪು

ಸಿದ್ರಾಮಪ್ಪ ಸಾಯಂಕಾಲ ನಾಲ್ಕು ಗಂಟೆಗೆ ವ್ಯಾನ್ ತರುತ್ತೇನೆಂದು ಫೋನ್ ಮಾಡಿದ್ದ. ನನ್ನ ಯಜಮಾನರ ಕೀಬೋರ್ಡನ್ನು ಚಿಕ್ಕಜಾಲಕ್ಕೆ ಒಯ್ಯಲು. ಅಲ್ಲಿ ಅವನು ಮಕ್ಕಳಿಗೆ ಹಾಡು ಕಲಿಸುತ್ತಾನೆ. ಇಪ್ಪತ್ತೆರಡು ವರ್ಷ ಒಂದೇ ಆರ್ಕೆಸ್ಟ್ರಾದಲ್ಲಿ ಅವನು ಹಾಡಿದವನು, ಇವರು ನುಡಿಸಿದವರು. ಯಲಹಂಕದಿಂದ ಯಶವಂತಪುರದವರೆಗೆ ಗಣೇಶನ ಪೆಂಡಾಲಿನವರಿಗೆಲ್ಲ 'ಕೀಬೋರ್ಡ್ ಭೀಮರಾಜ್' ಅಂದರೆ ಗೊತ್ತು. ಈಗ ಆ ಭೀಮರಾಜ್ ತಮ್ಮ ಕೀಬೋರ್ಡನ್ನು ಸುಮ್ಮನೆ ಕೊಟ್ಟುಬಿಡಲು ಹೊರಟಿದ್ದರು.

ಕಾರಣ ಇಷ್ಟೇ. ಆರು ತಿಂಗಳ ಹಿಂದೆ ಅವರಿಗೆ ಸಣ್ಣ ಸ್ಟ್ರೋಕ್ ಆಯಿತು. ಎಡಗಡೆಯ ಕೈಕಾಲು ಸೋತವು. ಕಾಲು ಬೇಗ ಬಂತು. ಕೈಯೂ ಬಂತು ಅಂತ ಡಾಕ್ಟರು ಹೇಳಿದರು. ಗುಂಡಿ ಹಾಕಿಕೊಳ್ಳುತ್ತಾರೆ, ತಟ್ಟೆ ಹಿಡಿಯುತ್ತಾರೆ, ತೆಂಗಿನಕಾಯಿ ಸುಲಿಯುತ್ತಾರೆ. ಕೀಬೋರ್ಡ್ ಮುಂದೆ ಕೂತರೆ ಮಾತ್ರ ತಾಳ ಸಿಗುತ್ತಿರಲಿಲ್ಲ. ಬೆರಳು ಒತ್ತುತ್ತಾರೆ, ಸ್ವರ ಹಿಂದೆ ಬೀಳುತ್ತದೆ. ಅದನ್ನು ಹಿಡಿಯಲು ಹೋಗಿ ಎಡವುತ್ತಾರೆ. ಹತ್ತು ನಿಮಿಷಕ್ಕೆ ಎದ್ದು ಹೋಗಿ ಟೆರೇಸಿನ ಮೇಲೆ ನಿಲ್ಲುತ್ತಾರೆ.

"ಕೈ ಹೋಯ್ತು ಕಣೆ ಲಕ್ಷ್ಮಿ," ಎಂದರು ಒಂದು ದಿನ.

"ಏನಾಗಿದೆ ಕೈಗೆ? ಚೆನ್ನಾಗೇ ನುಡಿಸ್ತೀರಲ್ಲ," ಎಂದೆ. ನಮ್ಮ ಮಗಳ ಹೆಸರು ಇಂದು; ಅವಳೂ ಹಾಗೇ ಅಂದಳು. ಪಕ್ಕದ ಮನೆಯ ಸೊಣ್ಣಮ್ಮನವರೂ ಕಾಂಪೌಂಡ್ ಆಚೆಯಿಂದ ಹಾಗೇ ಅಂದರು.

"ನೀನು ಟಿಕೆಟ್ ಕೊಡು. ತಾಳದ ವಿಷ್ಯಕ್ಕೆ ಬರ್ಬೇಡ," ಎಂದರು.

ನಾನು ಬಸ್ ಕಂಡಕ್ಟರ್. ಇಪ್ಪತ್ನಾಲ್ಕು ವರ್ಷದ ಸರ್ವೀಸು. ಟಿಕೆಟ್ ತೆಗೆದುಕೊಂಡಿಲ್ಲದವನ ಮುಖ ನನಗೆ ಹಿಂದಿನ ಬಾಗಿಲಿಂದಲೇ ಗೊತ್ತಾಗುತ್ತದೆ. ಅವತ್ತು ನಮ್ಮ ಮೂವರ ಮುಖವೂ ಹಾಗೇ ಇದ್ದಿರಬೇಕು. ಅವರು ಮತ್ತೆ ನಮ್ಮನ್ನು ಕೇಳಲಿಲ್ಲ. ಸಿದ್ರಾಮಪ್ಪನಿಗೆ ಫೋನ್ ಮಾಡಿ ಒಯ್ಯಲು ಹೇಳಿದರು.

ಆದರೆ ಆರ್ಕೆಸ್ಟ್ರಾದವರಲ್ಲಿ ಒಂದು ಪದ್ಧತಿ ಇದೆ. ವಾದ್ಯ ಕೈ ಬದಲಾಗುವಾಗ ಕೆಟ್ಟದ್ದನ್ನು ದಾಟಿಸಬಾರದು. ತಬಲಾ ಆದರೆ ಶ್ರುತಿ ಮಾಡಿಯೇ ಕೊಡಬೇಕು, ಗಿಟಾರ್ ಆದರೆ ಹೊಸ ತಂತಿ ಹಾಕಿ. ನಮ್ಮ ಕೀಬೋರ್ಡಿನಲ್ಲಿ ಒಂದು ತೊಂದರೆ ಇತ್ತು. ಆಗೊಮ್ಮೆ ಈಗೊಮ್ಮೆ ಕೀ ಒತ್ತಿ ಬಿಟ್ಟರೂ ಸದ್ದು ನಿಲ್ಲುತ್ತಿರಲಿಲ್ಲ. ಹಠ ಹಿಡಿದ ಮಗುವಿನ ಹಾಗೆ ಒಂದೇ ಸ್ವರ ಕೂಗುತ್ತಲೇ ಇರುತ್ತಿತ್ತು. "ಅದನ್ನ ಸರಿ ಮಾಡ್ಸಿ ಕೊಡ್ಬೇಕು. ಇಲ್ದಿದ್ರೆ ಸಿದ್ದ ಬೈಕೋತಾನೆ," ಎಂದರು. ನಾನು ಆರ್.ಟಿ. ನಗರದ ಅಕ್ಬರ್ ಪಾಷಾ ಅವರಿಗೆ ಫೋನ್ ಮಾಡಿದೆ. ಆರ್ಕೆಸ್ಟ್ರಾದ ಆಂಪ್ಲಿಫೈಯರ್, ಮೈಕು, ಕೀಬೋರ್ಡು ಎಲ್ಲ ಅವರ ಕೈಯಲ್ಲೇ ರಿಪೇರಿ ಆಗುತ್ತಿದ್ದದ್ದು.

"ಕಣ್ಣಿನ ಆಪರೇಷನ್ ಆಗಿದೆಯಮ್ಮ, ಪಟ್ಟಿ ಬಿಚ್ಚಿಲ್ಲ. ಮಗಳನ್ನ ಕಳಿಸ್ತೀನಿ. ನನಗಿಂತ ಬೆಟರ್ರು," ಎಂದರು ಪಾಷಾ.

ಎಲ್ಲ ಅಪ್ಪಂದಿರೂ ಹೀಗೇ ಹೇಳುತ್ತಾರೆ. ಯಜಮಾನರಿಗೆ ಆ ಮಾತು ಹೇಳಿದೆನಾದರೂ ನಾನು ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ.

ಪಾಷಾ ಅವರ ಮಗಳು ಅಸ್ಮಾ ಬಂದಾಗ ಹನ್ನೊಂದೂವರೆ. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ದುಪಟ್ಟಾ ಸರಿಮಾಡಿಕೊಂಡು, ಕಾಲಿಟ್ಟೊಡನೆ ಹೇಳಿದಳು: "ಸಾರಿ ಆಂಟಿ, ಹೆಬ್ಬಾಳ ಫ್ಲೈಓವರ್ ಹತ್ತಿದ್ದು ಗೊತ್ತು, ಇಳಿದಿದ್ದು ಯಾವಾಗಂತ ಗೊತ್ತಿಲ್ಲ."

ಬೇರೆ ರಿಪೇರಿಯವರು ಬಂದ ಕೂಡಲೇ ಸ್ಕ್ರೂಡ್ರೈವರ್ ತೆಗೆಯುತ್ತಾರೆ. ಇವಳು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಕೋಣೆಯನ್ನೆಲ್ಲ ಒಮ್ಮೆ ನೋಡಿದಳು.

"ಇದು ಕೆಡೋಕೆ ಮುಂಚೆ ಮನೇಲಿ ಏನು ಬದಲಾಯ್ತು ಆಂಟಿ?"

"ಏನೂ ಇಲ್ಲಮ್ಮ. ಎಲ್ಲ ಹಿಂಗೇ ಇತ್ತು."

"ಏನಾದ್ರೂ ಇರತ್ತೆ, ನಿಧಾನವಾಗಿ ಯೋಚ್ನೆ ಮಾಡಿ. ಬೀರು ಆ ಕಡೆ ಇತ್ತಾ? ಗೋಡೆ ಮೇಲೆ ಅದರ ಗುರುತಿದೆ."

ನಾನು ಬೆಪ್ಪಾದೆ. ಹೌದು, ಬೀರು ಆ ಕಡೆ ಇತ್ತು. ಅವರು ಆಸ್ಪತ್ರೆಯಲ್ಲಿದ್ದಾಗ ನಾನು ಮತ್ತು ಇಂದು ಸೇರಿ ಕೋಣೆಯನ್ನೇ ಬದಲಾಯಿಸಿದ್ದೆವು. ಮೊದಲು ಇಲ್ಲಿ ನೆಲದ ತುಂಬ ವೈರು. ಹಾವಾಡಿಗನ ಬುಟ್ಟಿ ಬಿಚ್ಚಿದ ಹಾಗೆ. ಕಾಲು ಎಳೆದುಕೊಂಡು ನಡೆಯುವವರು ಎಡವಿ ಬಿದ್ದರೆ ಏನು ಗತಿ? ದೊಡ್ಡ ಸ್ಪೀಕರ್ ಬಾಕ್ಸನ್ನು ಸಜ್ಜಾ ಮೇಲೆ ಹಾಕಿದೆವು. ಇಂದು ತನ್ನ ಮೊದಲ ಸಂಬಳದಲ್ಲಿ ವೈರೇ ಇಲ್ಲದ ಬ್ಲೂಟೂತ್ ಸ್ಪೀಕರ್ ತಂದಳು. ಕೀಬೋರ್ಡಿಂದ ಅದರ ಪಕ್ಕದ ಕಂಪ್ಯೂಟರಿಗೆ ಹೋಗುವ ಒಂದೇ ಒಂದು ವೈರು ಉಳಿಯಿತು. ಅದನ್ನೂ ನಾನು ಚಾಪೆಯ ಕೆಳಗೆ ಸೇರಿಸಿ ಅಚ್ಚುಕಟ್ಟು ಮಾಡಿದೆ.

ಇದನ್ನೆಲ್ಲ, ಅವರ ಕೈಗೆ ತಾಳ ಸಿಗದ ವಿಷಯವನ್ನೂ ಹೇಳಿದೆ. ಅಸ್ಮಾ ತಲೆಯಾಡಿಸಿ ಕೇಳಿಸಿಕೊಂಡಳು, ನಗಲಿಲ್ಲ. ಆಮೇಲೆ ಎಲ್ಲವನ್ನೂ ಬಿಚ್ಚಿದಳು. "ನಮ್ಮ ಅಬ್ಬ ಹೇಳ್ತಾರೆ, ಮೊದ್ಲು ಎಲ್ಲಾ ಬಿಚ್ಚು, ಆಮೇಲೆ ಒಂದೊಂದೇ ಹಾಕು. ಒಟ್ಟಿಗೆ ಎರಡು ಮುಟ್ಟಿದ್ರೆ ಯಾವ್ದು ಕಳ್ಳ ಅಂತ ಗೊತ್ತಾಗಲ್ಲ."

ಚಾಪೆ ಎತ್ತಿದಳು. ನಾನು ಅಚ್ಚುಕಟ್ಟು ಮಾಡಿದ್ದ ವೈರಿನ ಮೇಲೆ ಬೀರುವಿನ ಕಾಲು ಕೂತಿತ್ತು. ಅಲ್ಲಿ ವೈರು ಒಣಗಿದ ಹುಣಸೆ ಸಿಪ್ಪೆಯ ಹಾಗೆ ಚಪ್ಪಟೆಯಾಗಿತ್ತು.

"ಕಳ್ಳ ಸಿಕ್ಕಿದ," ಎಂದಳು.

"ಅದು ನಾನೇ," ಎಂದೆ.

ಆಗಲೇ ನಗಾಡಿದ್ದು ಅವಳು. ಆ ವೈರಿಗೆ ಮಿಡಿ ಕೇಬಲ್ ಅನ್ನುತ್ತಾರಂತೆ. ಅದರೊಳಗೆ ಸದ್ದು ಹೋಗುವುದಿಲ್ಲವಂತೆ. ಬರೀ ಸುದ್ದಿ ಹೋಗುವುದಂತೆ. ನನಗೆ ಅರ್ಥವಾಗಲಿಲ್ಲ ಅಂತ ಅವಳಿಗೆ ಗೊತ್ತಾಯಿತು. ಗೋಡೆಯ ಮೊಳೆಗೆ ನೇತುಹಾಕಿದ್ದ ನನ್ನ ಖಾಕಿ ಅಂಗಿ ನೋಡಿ ಅಲ್ಲಿಂದಲೇ ಶುರುಮಾಡಿದಳು.

"ನೀವು ಟಿಕೆಟ್ ಕೊಡ್ತೀರಲ್ಲ ಆಂಟಿ, ಅದರ ಮೇಲೆ ಎಲ್ಲಿ ಹತ್ತಿದ್ರು, ಎಷ್ಟು ಹೊತ್ತಿಗೆ ಹತ್ತಿದ್ರು ಅಂತ ಇರತ್ತಲ್ವಾ? ಇದೂ ಹಾಗೇ. ಕೀ ಒತ್ತಿದ್ರೆ ಒಂದು ಟಿಕೆಟ್, ಬಿಟ್ರೆ ಇನ್ನೊಂದು. ಕಂಪ್ಯೂಟರ್ ಅದನ್ನ ಓದಿ ಸದ್ದು ಮಾಡತ್ತೆ. ಬಿಟ್ರು ಅನ್ನೋ ಟಿಕೆಟ್ ದಾರೀಲಿ ಕಳೆದುಹೋದ್ರೆ, ಪಾಪ, ಅದು ಇನ್ನೂ ಒತ್ಕೊಂಡೇ ಇದಾರೆ ಅಂದ್ಕೊಂಡು ಕೂಗ್ತಾನೇ ಇರತ್ತೆ."

ಇಪ್ಪತ್ತೆರಡು ವರ್ಷ ಕೀಬೋರ್ಡಿನವರ ಹೆಂಡತಿಯಾಗಿದ್ದು ತಿಳಿಯದ್ದು ಒಂದು ನಿಮಿಷದಲ್ಲಿ ತಿಳಿಯಿತು.

ಅವಳು ಬ್ಯಾಗಿಂದ ಬೇರೆ ಕೇಬಲ್ ತೆಗೆದು ಹಾಕಿದಳು. ಕೀಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒತ್ತಿ ಬಿಟ್ಟಳು. ಒಂದೂ ಹಠ ಮಾಡಲಿಲ್ಲ. ಕೆಲಸ ಮುಗಿದಿತ್ತು. ಗಂಟೆ ಇನ್ನೂ ಹನ್ನೆರಡೂವರೆ. ಅವಳು ಬ್ಯಾಗಿನ ಜಿಪ್ಪು ಎಳೆದುಕೊಂಡು ಹೋಗಿಬಿಡಬಹುದಿತ್ತು. ಕರೆದದ್ದು ಅಷ್ಟಕ್ಕೇ.

ಹೋಗಲಿಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅದುವರೆಗೆ ಪೇಪರ್ ಹಿಡಿದು, ಓದದೆ ಕೂತಿದ್ದ ಯಜಮಾನರ ಕಡೆ ತಿರುಗಿದಳು. "ಮಾಸ್ಟರ್, ಒಂದ್ಸಲ ನುಡಿಸಿ. ಕೇಳಿ ಹೋಗ್ತೀನಿ."

"ನೀನೇ ನುಡಿಸಮ್ಮ. ಸರಿಯಿದ್ರೆ ಸಾಕು."

"ನನಗೆ ಒಂದೇ ಟ್ಯೂನ್ ಬರೋದು. ಟೆಸ್ಟಿಂಗ್‌ಗೆ ಅಂತ ಅಬ್ಬ ಕಲಿಸಿದ್ದು."

"ಅದನ್ನೇ ನುಡಿಸು."

ಅವಳು ನುಡಿಸಿದಳು. ಮದುವೆ ಮನೆಯಲ್ಲಿ ಬ್ಯಾಂಡಿನವರು ಬಾಗಿಲಿಗೆ ಬಂದಾಗ ಬಾರಿಸುವಂಥ ಸಣ್ಣ ಓಟ. ಮಧ್ಯಕ್ಕೆ ಎಡವಿದಳು. ಹುಬ್ಬು ಗಂಟಾಯಿತು. ಮತ್ತೆ ಮೊದಲಿಂದ. ಮತ್ತೆ ಅದೇ ಜಾಗದಲ್ಲಿ ಎಡವಿದಳು.

"ಅರೆ!" ಎಂದಳು. "ನಾನೂ ಲೇಟು."

ಯಜಮಾನರು ಪೇಪರ್ ಕೆಳಗಿಟ್ಟರು. "ನೋಡಮ್ಮ, ನಾನು ಚಿಕ್ಕ ಮಗು ಅಲ್ಲ. ಇವಳು ಹೇಳಿಕೊಟ್ಲಾ? ನನಗೆ ಸಮಾಧಾನ ಆಗ್ಲಿ ಅಂತ ಬೇಕಂತ್ಲೇ ತಪ್ಪು ನುಡಿಸ್ತಿದೀಯಾ?"

"ಇಲ್ಲ ಮಾಸ್ಟರ್. ಸಮಾಧಾನ ಮಾಡೋದು ನನಗೆ ಬರಲ್ಲ. ಬಂದಿದ್ರೆ ಇಷ್ಟು ಹೊತ್ತಿಗೆ ಮದುವೆ ಆಗಿರ್ತಿತ್ತು ಅಂತಾಳೆ ನಮ್ಮಮ್ಮ."

ಅವರ ತುಟಿಯ ಕೊನೆ ಸ್ವಲ್ಪ ಅಲುಗಿತು. ಅವಳು ಅದನ್ನು ಕಾಯಲಿಲ್ಲ, ಸ್ಪೀಕರ್ ಕಡೆ ಕೈ ತೋರಿಸಿದಳು. "ನಾನು ಒತ್ತೋದು ನೋಡಿ, ಕೇಳಬೇಡಿ. ಬೆರಳು ನೋಡಿ." ಟೇಬಲ್ಲಿನ ಮೇಲೆ ಎಡಗೈ ಬಡಿದು, ಅದೇ ಕ್ಷಣಕ್ಕೆ ಬಲಗೈಯಿಂದ ಕೀ ಒತ್ತಿದಳು. ಟಪ್ ಎಂದಿತು ಟೇಬಲ್. ಅದು ಮುಗಿದ ಮೇಲೆ ಟಿಂಗ್ ಎಂದಿತು ಸ್ಪೀಕರ್. ಟಪ್, ಟಿಂಗ್. ಟಪ್, ಟಿಂಗ್. ಸೊಸೆಯ ಹಿಂದೆ ಅತ್ತೆ ನಡೆದ ಹಾಗೆ ಒಂದು ಹೆಜ್ಜೆಯ ಅಂತರ.

"ಬ್ಲೂಟೂತ್ ಅಲ್ವಾ, ಸದ್ದನ್ನ ಕಟ್ಟಿ ಗಾಳೀಲಿ ಕಳಿಸಿ ಆ ಕಡೆ ಬಿಚ್ಚಬೇಕು. ಕಾಲು ಸೆಕೆಂಡ್ ಹತ್ತಿರ ಹಿಡಿಯತ್ತೆ."

"ಆದ್ರೆ ಅದ್ರಲ್ಲಿ ದಿನಾ ಸುಪ್ರಭಾತ ಹಾಕ್ತೀನಲ್ಲ, ಚೆನ್ನಾಗೇ ಬರತ್ತೆ," ಎಂದೆ ನಾನು. ಮಗಳ ಸ್ಪೀಕರ್ ಮೇಲೆ ದೂರು ಬಂದದ್ದಕ್ಕೆ ಸ್ವಲ್ಪ ಬಿಸಿಯಾಗಿಯೇ ಅಂದೆ.

"ಸುಪ್ರಭಾತ ಕಾಲು ಸೆಕೆಂಡ್ ಲೇಟಾಗಿ ಶುರುವಾದ್ರೆ ಯಾರಿಗೆ ಗೊತ್ತಾಗತ್ತೆ ಆಂಟಿ? ದೇವರು ಕಾಯ್ತಾನೆ. ನುಡಿಸೋರ ಬೆರಳು ಕಾಯಲ್ಲ."

ನನಗೆ ಆಗ ಎಲ್ಲ ಒಟ್ಟಿಗೆ ಕಂಡಿತು. ಅವರು ಆಸ್ಪತ್ರೆಯಿಂದ ಬಂದ ದಿನ ಎರಡು ಬದಲಾಗಿದ್ದವು: ಅವರ ಕೈ, ಮನೆಯ ಸ್ಪೀಕರ್. ಅವರು ಕೈಯನ್ನು ಮಾತ್ರ ಅನುಮಾನಿಸಿದರು. ನಾವೂ ಅಷ್ಟೆ. ಬಾಯಲ್ಲಿ ಚೆನ್ನಾಗಿದೆ ಅಂದೆವು, ಮನಸ್ಸಲ್ಲಿ ಪಾಪ ಅಂದೆವು.

ಆದರೆ ಯಜಮಾನರು ಸುಲಭಕ್ಕೆ ಬಗ್ಗುವವರಲ್ಲ. "ಸ್ಪೀಕರ್ ಲೇಟು, ಒಪ್ಕೊಂಡೆ. ನನ್ನ ಕೈ ಲೇಟಿಲ್ಲ ಅಂತ ಏನು ಗ್ಯಾರಂಟಿ? ಎರಡೂ ಇರಬಹುದಲ್ಲ?"

"ಇರಬಹುದು," ಎಂದಳು ಅಸ್ಮಾ.

ನಾನಾಗಿದ್ದರೆ 'ಛೇ ಛೇ, ಹಾಗೇನಿಲ್ಲ' ಅಂದುಬಿಡುತ್ತಿದ್ದೆ. ಅವಳು ಅನ್ನಲಿಲ್ಲ.

"ನೋಡೇಬಿಡೋಣ. ಸದ್ದಿಲ್ಲದೆ ನುಡಿಸಿ."

"ಸದ್ದಿಲ್ಲದೆ?"

"ಹೂಂ. ಸ್ಪೀಕರ್ ಆಫ್ ಮಾಡ್ತೀನಿ. ಇದನ್ನ ಕಿವಿಗೆ ಹಾಕ್ಕೊಳ್ಳಿ." ಬ್ಯಾಗಿಂದ ವೈರಿರುವ ಹಳೇ ಇಯರ್‌ಫೋನ್ ತೆಗೆದು ಕಂಪ್ಯೂಟರಿಗೆ ಚುಚ್ಚಿದಳು. "ಇದ್ರಲ್ಲಿ ತಾಳ ಮಾತ್ರ ಬರತ್ತೆ, ಟಿಕ್ ಟಿಕ್ ಅಂತ. ನೀವು ನುಡಿಸಿದ್ದು ಕೇಳ್ಸಲ್ಲ. ನೀವು ಆ ಟಿಕ್ಕಿಗೆ ಒಂದೊಂದೇ ಬೆರಳು ಒತ್ಕೊಂಡು ಹೋಗಿ. ಬಲಗೈ ಐದು, ಎಡಗೈ ಐದು. ನಿಮ್ಮ ಟಿಕೆಟ್ ಎಷ್ಟು ಹೊತ್ತಿಗೆ ಹರಿದಿದೆ ಅಂತ ಕಂಪ್ಯೂಟರ್ ಬರ್ಕೊಳತ್ತೆ. ಅದಕ್ಕೆ ನೀವೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ. ಯಾರ ಮುಲಾಜೂ ಇಲ್ಲ."

ಅವರು ಬಹಳ ಹೊತ್ತು ಕೀಬೋರ್ಡನ್ನೇ ನೋಡಿದರು. ಆಮೇಲೆ ಎದ್ದು ಬಂದು ಕೂತರು. ಅಂಗೈಯನ್ನು ಲುಂಗಿಗೆ ಒರೆಸಿಕೊಂಡರು. ಸ್ಟೇಜ್ ಮೇಲೆ ಮೊದಲ ಹಾಡಿಗೆ ಮುಂಚೆ ಒರೆಸಿಕೊಳ್ಳುತ್ತಿದ್ದ ಹಾಗೆ.

ಕೋಣೆಯಲ್ಲಿ ಸದ್ದೇ ಇಲ್ಲ. ಕೀಗಳು ಕೆಳಗೆ ಹೋಗಿ ಮೇಲೆ ಬರುವ ಮೆತ್ತನೆಯ ಟಕ ಟಕ ಮಾತ್ರ. ಏರ್‌ಫೋರ್ಸಿನ ವಿಮಾನವೊಂದು ಯಲಹಂಕದ ಕಡೆ ಹೋಯಿತು. ಕಿಟಕಿಯ ಗಾಜು ಅದುರಿತು. ಅವರು ತಲೆ ಎತ್ತಲಿಲ್ಲ. ಅವರು ಏನು ನುಡಿಸುತ್ತಿದ್ದಾರೆಂದು ನನಗೆ ಕೇಳುತ್ತಿರಲಿಲ್ಲ. ಆದರೂ ನಿಂತು ಕೇಳಿದೆ.

ನಾಲ್ಕು ಸುತ್ತು ಆಯಿತು. ಅಸ್ಮಾ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದಳು. ಪರದೆಯ ತುಂಬ ಉದ್ದುದ್ದ ಗೆರೆಗಳು, ಗೆರೆಗೊಂದರ ಹಾಗೆ ಪುಟ್ಟ ಪುಟ್ಟ ಹಸಿರು ಇಟ್ಟಿಗೆಗಳು.

"ಗೆರೆ ಅಂದ್ರೆ ತಾಳ. ಇಟ್ಟಿಗೆ ಅಂದ್ರೆ ನಿಮ್ಮ ಬೆರಳು. ಬಲಗೈ ನೋಡಿ ಮಾಸ್ಟರ್, ಗೋಡೆ ಕಟ್ಟೋ ಮೇಸ್ತ್ರಿ ದಾರ ಹಿಡಿದ ಹಾಗಿದೆ. ಎಡಗೈ ಹೆಬ್ಬೆರಳು, ಗೆರೆ ಮೇಲೇ. ಮುಂದಿಂದು, ಗೆರೆ ಮೇಲೇ. ಇದೂ. ಇದೂ."

ಅಲ್ಲಿಗೆ ನಿಂತಳು. ನಾನು ಕೂಡ ಬಗ್ಗಿ ನೋಡಿದೆ. ಐದನೇ ಇಟ್ಟಿಗೆ ಗೆರೆಯಿಂದ ಸ್ವಲ್ಪ ಆಚೆ ಕೂತಿತ್ತು. ಅದರ ಮುಂದಿನ ಸುತ್ತಿನಲ್ಲೂ ಆಚೆ. ನಾಲ್ಕೂ ಸಲ ಆಚೆ.

ಅವಳಿಗೆ ಅದನ್ನು ಮುಚ್ಚಿಡುವುದು ಕಷ್ಟವಿರಲಿಲ್ಲ. ಪರದೆಯನ್ನು ಒಂದು ಚೂರು ಸರಿಸಿದ್ದರೆ ಸಾಕಿತ್ತು. ನಾನು ಅವಳ ಹಿಂದೆ ನಿಂತು ಬೆನ್ನಿಗೆ ಮೆಲ್ಲಗೆ ಚುಚ್ಚಿದೆ ಕೂಡ. ಅವಳು ತಿರುಗಿಯೂ ನೋಡಲಿಲ್ಲ.

"ಎಡಗೈ ಕಿರುಬೆರಳು ಲೇಟು ಮಾಸ್ಟರ್. ಅದು ನಿಮ್ದೇ. ಮಿಕ್ಕಿದ್ದೆಲ್ಲ ಸ್ಪೀಕರ್‌ದು."

ಯಜಮಾನರು ಎಡಗೈ ಎತ್ತಿ ಕಿರುಬೆರಳನ್ನು ಮಡಿಸಿ ಬಿಚ್ಚಿದರು. ಮತ್ತೆ ಮಡಿಸಿ ಬಿಚ್ಚಿದರು.

"ಎಷ್ಟು ಲೇಟು?"

"ಸ್ಪೀಕರ್ ಲೇಟಾದಷ್ಟರಲ್ಲಿ ಅರ್ಧಾನೂ ಇಲ್ಲ."

"ಬರೀ ಇದೊಂದೇ?"

"ಅದೊಂದೇ."

"ಒಂದು ಬೆರಳು," ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, ಏನೋ ಕಳೆದುಹೋದ ವಸ್ತು ತಲೆದಿಂಬಿನ ಕೆಳಗೇ ಸಿಕ್ಕಿದವರ ಹಾಗೆ, "ಒಂದೇ ಬೆರಳಂತೆ ಕಣೆ!" ಎಂದರು.

ಆಗ ನನಗೆ ಗೊತ್ತಾಯಿತು. ಹತ್ತು ಬೆರಳೂ ಸರಿಯಿದೆ ಅಂದಿದ್ದರೆ ಅವರು ನಂಬುತ್ತಿರಲಿಲ್ಲ. ಒಂದು ಸರಿಯಿಲ್ಲ ಅಂದದ್ದಕ್ಕೆ ಒಂಬತ್ತನ್ನು ನಂಬಿದರು. ಇಪ್ಪತ್ನಾಲ್ಕು ವರ್ಷ ಬಸ್ಸಿನಲ್ಲಿ ಜನರ ಜೊತೆ ಮಾತಾಡಿ ಬಾಯಿ ಸವೆಸಿದ ನನಗೆ ಈ ಲೆಕ್ಕ ಹೊಳೆದಿರಲಿಲ್ಲ. ಈ ಹುಡುಗಿಗೆ ಅದು ಲೆಕ್ಕವೂ ಆಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ. ವೈರಿಗೂ ಹಾಗೇ, ಮನುಷ್ಯರಿಗೂ ಹಾಗೇ.

ಆಮೇಲೆ ಮನೆಯಲ್ಲಿ ಗದ್ದಲವೋ ಗದ್ದಲ. "ಬಾಕ್ಸ್ ಇಳಿಸು ಲಕ್ಷ್ಮಿ," ಎಂದರು. ಸ್ಟೂಲ್ ಹತ್ತಲು ಅವರೇ ಹೊರಟರು. ನಾನು ಬೈದು ಕೂರಿಸಿದೆ. ನಾನೂ ಅಸ್ಮಾನೂ ಸಜ್ಜಾ ಮೇಲಿಂದ ಬಾಕ್ಸ್ ಇಳಿಸಿದೆವು. ಅದರ ವೈರು ನೋಡಿ ನನಗೆ ಹಳೇ ಭಯ ಬಂತು.

"ಮತ್ತೆ ನೆಲದ ಮೇಲೆ ಬೇಡಮ್ಮ. ಬಿದ್ದರೆ ನಾನು ಇಂದುಗೆ ಏನು ಹೇಳ್ಲಿ?"

"ನೆಲದ ಮೇಲೆ ಯಾಕೆ? ಕರ್ಟನ್ ರಾಡ್ ಇಲ್ವಾ?"

ವೈರನ್ನು ಗೋಡೆಗುಂಟ ಮೇಲೆ ಹತ್ತಿಸಿ, ಕರ್ಟನ್ ರಾಡಿನ ಮೇಲೆ ಮಲಗಿಸಿ, ಬಾಗಿಲ ಚೌಕಟ್ಟಿನ ಪಕ್ಕ ಇಳಿಸಿದಳು. ಮಲ್ಲಿಗೆ ದಾರದಿಂದ ಅಲ್ಲಲ್ಲಿ ಕಟ್ಟಿದಳು. ಕ್ಲಿಪ್ಪು ಮುಗಿದಿತ್ತಂತೆ, ದೇವರ ಮನೆಯಿಂದ ದಾರದುಂಡೆ ಕೊಟ್ಟವಳು ನಾನೇ. ನೆಲದ ಮೇಲೆ ಒಂದು ಎಳೆಯೂ ಇಲ್ಲ. ಆರು ತಿಂಗಳ ಹಿಂದೆ ನಮಗೆ ಇಷ್ಟು ತಲೆ ಓಡಿದ್ದರೆ! ವೈರು ಬೇಕೋ ಬೇಡವೋ ಅಂತ ಮಾತ್ರ ಯೋಚಿಸಿದ್ದೆವು. ಎಲ್ಲಿ ಅಂತ ಯೋಚಿಸಿರಲಿಲ್ಲ.

ಇಂದು ತಂದ ಸ್ಪೀಕರನ್ನು ಅಸ್ಮಾ ದುಪಟ್ಟಾದ ತುದಿಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. "ಒಳ್ಳೇ ಸ್ಪೀಕರ್ ಆಂಟಿ. ಅಡುಗೆಮನೇಲಿ ಇಟ್ಕೊಳ್ಳಿ. ಕೆಟ್ಟದ್ದು ಅಂತ ಮಗಳಿಗೆ ಹೇಳ್ಬೇಡಿ, ಕೆಲಸ ಬೇರೆ ಅಂತ ಹೇಳಿ."

ಸಾರು ಅನ್ನ ಊಟ ಮಾಡಿಸಿ ಕಳಿಸಿದೆ. ಹೊರಡುವಾಗ ಯಜಮಾನರು ಗೇಟಿನವರೆಗೆ ಹೋದರು. "ಅಪ್ಪನಿಗೆ ಹೇಳಮ್ಮ, ಅವರು ಹೇಳಿದ್ದು ಸುಳ್ಳಲ್ಲ ಅಂತ."

"ಏನು ಹೇಳಿದ್ರು ಮಾಸ್ಟರ್?"

"ನಿನಗಲ್ಲ ಅದು. ಅವರಿಗೆ ಗೊತ್ತು."

ನಾಲ್ಕು ಗಂಟೆಗೆ ಸರಿಯಾಗಿ ಸಿದ್ರಾಮಪ್ಪನ ವ್ಯಾನ್ ಬಂತು. ಹಳೇ ಬೆಡ್‌ಶೀಟು, ಹಗ್ಗ ಎಲ್ಲ ತಂದಿದ್ದ. ಒಳಗೆ ಬಂದವನು ಕರ್ಟನ್ ರಾಡಿನ ಮೇಲಿನ ವೈರು ನೋಡಿದ, ಮಲ್ಲಿಗೆ ದಾರ ನೋಡಿದ, ಕೀಬೋರ್ಡಿನ ಮುಂದೆ ಕೂತಿದ್ದವರನ್ನು ನೋಡಿದ.

"ಏನ್ಲಾ ಇದು, ಇಂಗೆ ತೋರಣ ಕಟ್ಕಂಡು ಕೂತಿದ್ದೀಯ? ಬಿಚ್ಚಿಟ್ಟಿರ್ತೀಯ ಅಂದ್ಕಂಡೆ."

"ಹಾಡೋ ಮೊದ್ಲು," ಎಂದರು ಯಜಮಾನರು.

"ವ್ಯಾನ್ ರೋಡಲ್ಲಿ ನಿಂತೈತೆ ಗುರು. ಇಂದೆ ಆಟೋದವನು ಬಾರಿಸ್ತಾವ್ನೆ."

"ಬಾರಿಸಲಿ. ಶ್ರುತಿ ಸಾಲದಿದ್ರೆ ಅವನನ್ನೂ ಒಳಗೆ ಕರಿ. ಹಾಡು."

ಅವರು ಶುರುಮಾಡಿದರು. ಪ್ರತಿ ಕಾರ್ಯಕ್ರಮಕ್ಕೂ ಮೊದಲು ನುಡಿಸುತ್ತಿದ್ದ ಗಣಪತಿಯ ಸ್ತುತಿ. ಸಿದ್ರಾಮಪ್ಪ ಹಗ್ಗ ಕೈಯಲ್ಲಿ ಹಿಡಿದೇ ನಿಂತಿದ್ದ; ಎರಡನೇ ಸಾಲಿಗೆ ಬಾಯಿ ತಾನಾಗೇ ತೆರೆಯಿತು. ಆಚೆ ಹಾರ್ನು, ಒಳಗೆ ಹಾಡು. ಸೊಣ್ಣಮ್ಮ ಕಾಂಪೌಂಡಿಗೆ ಬಂದು ನಿಂತರು. ಈ ಸಲ ಚೆನ್ನಾಗಿದೆ ಅಂತ ಯಾರೂ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಹಾಡು ಮುಗಿಯಿತು. ಸಿದ್ರಾಮಪ್ಪ ಹಗ್ಗವನ್ನು ಸುತ್ತಿ ಸುತ್ತಿ ಜೇಬಿಗೆ ತುರುಕಿದ. ಬೆಡ್‌ಶೀಟನ್ನು ಕಂಕುಳಿಗೆ ಸೇರಿಸಿದ. ಬಾಗಿಲವರೆಗೆ ಹೋದವನು ನಿಂತ. ಹಾಡುವವರ ಕಿವಿ, ಸುಮ್ಮನೆ ಬಿಡುವುದಿಲ್ಲ.

"ಎಲ್ಲ ಸರಿಗೈತೆ. ಎಡಗಡೆ ಕೊನೇ ಸ್ವರ ಯಾಕೋ ಒಸಿ ಇಂದೆ ಬೀಳ್ತೈತಲ್ಲೋ ಭೀಮಾ. ಮಿಷನ್ನು ಇನ್ನೂ ಸರಿಯಾಗಿಲ್ವಾ?"

ನಾನು ಯಜಮಾನರ ಕಡೆ ತಿರುಗಿದೆ.

ಯಜಮಾನರು ಎಡಗೈ ಎತ್ತಿ ಕಿರುಬೆರಳನ್ನು ಅವನಿಗೆ ತೋರಿಸಿದರು.

"ಮಿಷನ್ ಸರಿಯಾಗಿದೆ ಕಣೋ," ಎಂದರು. "ಅದು ನಂದೇ."